ಗಲ್ಲಾಪೆಟ್ಟಿಗೆ ಮುಂದೆ ಕೂರುವವನಿಗೆ ಕಾಲೇಜು ಯಾಕೆ?

ಪಿಯುಸಿ ಫಲಿತಾಂಶ ಬಂದ ವಾರ ತುಮಕೂರಿನ ಎಷ್ಟೋ ಅಂಗಡಿಯವರ ಮನೆಗಳಲ್ಲಿ ಒಂದೇ ಜಗಳ. ಮಗ ಬಿ.ಕಾಂ. ಇಲ್ಲವೆ ಬಿಬಿಎ ಸೇರುತ್ತೇನೆ ಎನ್ನುತ್ತಾನೆ. ಅಪ್ಪ ಚಿಲ್ಲರೆ ಎಣಿಸುವುದನ್ನು ನಿಲ್ಲಿಸದೆ ಕೇಳುತ್ತಾನೆ: “ವ್ಯಾಪಾರ ಮಾಡೋದನ್ನ ಕಾಲೇಜಲ್ಲಿ ಕಲಿಸ್ತಾರೇನೋ? ನಾನ್ಯಾವ ಕಾಲೇಜಿಗೆ ಹೋಗಿದ್ದೆ? ಬಾ, ಅಂಗಡೀಲಿ ಕೂತ್ಕೊ.”

ಪ್ರಶ್ನೆ ಒರಟಾದರೂ ಅನ್ಯಾಯದ್ದೇನಲ್ಲ. ಮೂರು ವರ್ಷದ ಫೀಸು, ಬಸ್ಸು, ಪುಸ್ತಕ, ಜೊತೆಗೆ ಅಂಗಡಿಯಲ್ಲಿ ಒಂದು ಕೈ ಕಮ್ಮಿ. ಇಷ್ಟೆಲ್ಲ ಹಾಕಿದ ಮೇಲೆ ವಾಪಸು ಬರುವುದೇನು ಎಂದು ಕೇಳುವ ಹಕ್ಕು ವ್ಯಾಪಾರಿಗಿದೆ. ಹೀಗೆ ಕೇಳುವುದೂ ವ್ಯಾಪಾರವೇ ತಾನೆ?

ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು ಪತ್ರಿಕೆ ಸೇರಿದ ಈ ವರದಿಗಾರನಿಗೆ ಕಾಲೇಜಿನ ಪರವಾಗಿ ವಕಾಲತ್ತು ವಹಿಸುವ ಯಾವ ಲಾಭವೂ ಇಲ್ಲ. ಆದ್ದರಿಂದ ಪುಸ್ತಕವನ್ನೂ ಪೇಟೆಯನ್ನೂ ಅಕ್ಕಪಕ್ಕ ಇಟ್ಟು ನೋಡೋಣ.

ಪಾಠದಲ್ಲಿ ಇರೋದೇನು?

ವಾಣಿಜ್ಯ ವಿಭಾಗದ ಪಿಯು ವಿದ್ಯಾರ್ಥಿಗೆ ‘ಬಿಸಿನೆಸ್ ಸ್ಟಡೀಸ್’ ಅಂದರೆ ವ್ಯವಹಾರ ಅಧ್ಯಯನ ಎಂಬ ವಿಷಯವಿದೆ. ಎರಡನೇ ವರ್ಷದ ಪುಸ್ತಕದಲ್ಲಿ ಮೊದಲು ಬರುವುದೇ ನಿರ್ವಹಣೆ ಅಂದರೇನು, ಅದರ ತತ್ವಗಳೇನು ಎಂಬ ಪಾಠ. ಆಮೇಲೆ ವ್ಯವಹಾರದ ಪರಿಸರ, ಯೋಜನೆ, ಸಂಘಟನೆ, ಸಿಬ್ಬಂದಿ ನೇಮಕ, ನಿರ್ದೇಶನ, ನಿಯಂತ್ರಣ. ಕಡೆಗೆ ಹಣಕಾಸು, ಮಾರುಕಟ್ಟೆ, ಗ್ರಾಹಕರ ರಕ್ಷಣೆ. ಡಿಗ್ರಿಗೆ ಹೋದರೆ ಇದೇ ಸರಕು ಇನ್ನೊಂದು ಸುತ್ತು ದೊಡ್ಡದಾಗಿ ಬರುತ್ತದೆ. 2021ರಲ್ಲಿ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿ ಜಾರಿಯಾದಾಗಲೂ ಬಿ.ಕಾಂ. ಮತ್ತು ಬಿಬಿಎ ಮೊದಲ ಸೆಮಿಸ್ಟರಿಗೆ ಇಟ್ಟದ್ದು ನಿರ್ವಹಣೆಯ ತತ್ವಗಳನ್ನೇ. ಆ ನೀತಿ ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದದ್ದಾಯಿತು. ಸಿಲಬಸ್ಸು ಬದಲಾದರೂ ವಿಷಯದ ಬುಡ ಬದಲಾಗಿಲ್ಲ.

ಈ ದೊಡ್ಡ ಹೆಸರುಗಳನ್ನು ಕೇಳಿ ಹೆದರಬೇಡಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನವರು ನಾಳೆ ಬೆಳಗ್ಗೆಯ ಇಡ್ಲಿಗೆ ಇವತ್ತೇ ಅಕ್ಕಿ ಉದ್ದು ನೆನೆಹಾಕಬೇಕು. ನಾಳೆ ಭಾನುವಾರವೋ, ಮದುವೆ ಲಗ್ನದ ದಿನವೋ ನೋಡಿಕೊಂಡು ಎಷ್ಟು ಸೇರು ಎಂದು ತೀರ್ಮಾನಿಸಬೇಕು. ಅದು ಯೋಜನೆ. ರುಬ್ಬುವವರು ಯಾರು, ಬೇಯಿಸುವವರು ಯಾರು, ಗಲ್ಲಾದಲ್ಲಿ ಯಾರು ಎಂಬುದು ಸಂಘಟನೆ. ಸಂಜೆಗೆ ಹಿಟ್ಟು ಎಷ್ಟು ಉಳಿಯಿತು, ದುಡ್ಡು ಎಷ್ಟು ಬಂತು ಎಂದು ತಾಳೆ ನೋಡುವುದು ನಿಯಂತ್ರಣ. ಸಿದ್ಧಗಂಗಾ ಮಠದಲ್ಲಿ ದಿನವೂ ಸಾವಿರಾರು ಮಕ್ಕಳಿಗೆ ಹೊತ್ತು ಹೊತ್ತಿಗೆ ದಾಸೋಹ ನಡೆಯುತ್ತದಲ್ಲ, ಅಲ್ಲಿ ಲಾಭದ ಮಾತಿಲ್ಲ, ಆದರೆ ನಿರ್ವಹಣೆ ಇದೆ. ಅದಿಲ್ಲದೆ ಒಂದು ಹೊತ್ತಿನ ಸಾರೂ ಆಗದು.

“ಹಾಗಾದ್ರೆ ಇದೆಲ್ಲ ನಮಗೆ ಗೊತ್ತಿರೋದೇ ಅಲ್ವೇನ್ರಿ?” ಎಂದರೆ, ಹೌದು, ಮುಕ್ಕಾಲು ಪಾಲು ಗೊತ್ತಿರುವುದೇ. ಉಳಿದ ಕಾಲು ಪಾಲಿನ ಮಾತು ಮುಂದೆ ಬರುತ್ತದೆ.

ಕಲ್ಲಿದ್ದಲ ಗಣಿಯಿಂದ ಬಂದ ಪಾಠ

ಈ ವಿಷಯ ಓದುವ ಪ್ರತಿ ವಿದ್ಯಾರ್ಥಿ ಬಾಯಿಪಾಠ ಮಾಡುವ ಹೆಸರು ಹೆನ್ರಿ ಫಯೋಲ್. 1841ರಲ್ಲಿ ಹುಟ್ಟಿದ ಫ್ರಾನ್ಸಿನ ಗಣಿ ಎಂಜಿನಿಯರು. ಇವರನ್ನು 1888ರಲ್ಲಿ ಒಂದು ಗಣಿ ಮತ್ತು ಕಬ್ಬಿಣದ ಕಂಪನಿಯ ಮುಖ್ಯಸ್ಥರನ್ನಾಗಿ ಮಾಡಿದಾಗ ಆ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. 1918ರಲ್ಲಿ ಇವರು ಕೆಳಗಿಳಿಯುವಾಗ ಅದು ಗಟ್ಟಿಯಾಗಿ ನಿಂತಿತ್ತು. ಹೇಗೆ ಮಾಡಿದಿರಿ ಎಂಬ ಪ್ರಶ್ನೆಗೆ ಉತ್ತರವಾಗಿ 1916ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅದರಲ್ಲಿರುವುದೇ ಪರೀಕ್ಷೆಯಲ್ಲಿ ಕೇಳುವ 14 ತತ್ವಗಳು.

ಕೆಲಸ ಹಂಚಿಕೊಳ್ಳಿ, ಅಧಿಕಾರ ಕೊಟ್ಟರೆ ಜವಾಬ್ದಾರಿಯನ್ನೂ ಕೊಡಿ, ಒಬ್ಬ ಆಳಿಗೆ ಒಬ್ಬನೇ ಯಜಮಾನ ಇರಲಿ, ಸಂಬಳ ನ್ಯಾಯವಾಗಿರಲಿ, ಎಲ್ಲ ಸಾಮಾನಿಗೂ ಒಂದು ಜಾಗ ಇರಲಿ, ಪದೇ ಪದೇ ಆಳು ಬದಲಾಯಿಸಬೇಡಿ, ಒಗ್ಗಟ್ಟು ಕಾಪಾಡಿ. ತತ್ವಗಳ ಜಾಡು ಇಷ್ಟೆ.

ಅಣ್ಣ ತಮ್ಮ ಇಬ್ಬರೂ ಕೂರುವ ಯಾವುದಾದರೂ ಅಂಗಡಿಯನ್ನು ಗಮನಿಸಿ. ಅಣ್ಣ “ಎಣ್ಣೆ ಡಬ್ಬ ಒಳಗಿಡೋ” ಅನ್ನುತ್ತಾನೆ. ತಮ್ಮ “ಅದು ಆಮೇಲೆ, ಮೊದ್ಲು ಈ ಚೀಟಿ ಕಟ್ಟು” ಅನ್ನುತ್ತಾನೆ. ಕೆಲಸದ ಹುಡುಗ ಇಬ್ಬರ ಮುಖ ನೋಡಿ ಸುಮ್ಮನೆ ನಿಲ್ಲುತ್ತಾನೆ. ಬೈಗುಳ ಬೀಳುವುದು ಮಾತ್ರ ಅವನಿಗೆ. ‘ಆಜ್ಞೆಯ ಏಕತೆ’ ಎಂದು ಫಯೋಲ್ ಬರೆದದ್ದು ಇದರ ಬಗ್ಗೆಯೇ. ತಪ್ಪು ಹುಡುಗನದಲ್ಲ, ಏರ್ಪಾಡಿನದು ಎಂದು ಗೊತ್ತಾದರೆ ಅರ್ಧ ಜಗಳ ಕಮ್ಮಿ.

ಇನ್ನೊಂದು ಮಾತನ್ನು ಫಯೋಲ್ ಒತ್ತಿ ಹೇಳಿದ್ದರು. ಎಂಜಿನಿಯರುಗಳಿಗೆ ಲೆಕ್ಕ, ಯಂತ್ರ ಎಲ್ಲ ಕಲಿಸುತ್ತೀರಿ, ಜನರನ್ನೂ ಕೆಲಸವನ್ನೂ ನಡೆಸುವುದನ್ನು ಯಾಕೆ ಕಲಿಸುವುದಿಲ್ಲ? ಅದನ್ನೂ ಶಾಲೆಯಲ್ಲಿ ಕಲಿಸಬಹುದು, ಕಲಿಸಬೇಕು ಎಂಬುದು ಅವರ ವಾದ. ನಮ್ಮ ಅಂಗಡಿ ಅಪ್ಪನ ಪ್ರಶ್ನೆಗೆ ನೂರು ವರ್ಷದ ಹಿಂದೆಯೇ ಒಬ್ಬರು ಉತ್ತರ ಕೊಟ್ಟಿದ್ದರು ಎನ್ನಿ.

ಆ 1916 ನಮ್ಮ ಮೈಸೂರು ಸೀಮೆಗೂ ಮುಖ್ಯವಾದ ವರ್ಷ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. 1913ರಲ್ಲಿ ಮೈಸೂರು ಬ್ಯಾಂಕು ಶುರುವಾಗಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಬಂತು, ಮೈಸೂರು ವಾಣಿಜ್ಯ ಮಂಡಳಿಯೂ ಬಂತು. ದುಡ್ಡು, ಓದು, ವ್ಯಾಪಾರ ಮೂರೂ ಒಟ್ಟಿಗೆ ನಡೆಯಬೇಕು ಎಂಬ ಲೆಕ್ಕ ಆಗಲೇ ಇತ್ತು. ನಮ್ಮ ಜಿಲ್ಲೆಗೇ ಒಂದು ವಿಶ್ವವಿದ್ಯಾನಿಲಯ ಸಿಕ್ಕಿದ್ದು ಮಾತ್ರ 2004ರಲ್ಲಿ. ಅಲ್ಲಿಯವರೆಗೆ ನಮ್ಮ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾನಿಲಯದ ಕೆಳಗಿದ್ದವು.

ಗುಬ್ಬಿಯವರಿಗೆ ಹೊಸದೇನಲ್ಲ

ಫಯೋಲ್ ಮಹಾಶಯರು ಕಂಪನಿ ಚುಕ್ಕಾಣಿ ಹಿಡಿಯುವುದಕ್ಕೆ ನಾಲ್ಕು ವರ್ಷ ಮೊದಲೇ, 1884ರಲ್ಲಿ, ಗುಬ್ಬಿಯಲ್ಲಿ ಒಂದು ‘ಕಂಪನಿ’ ಹುಟ್ಟಿತ್ತು. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. ನಾಟಕದವರಿಗೂ ಮ್ಯಾನೇಜ್‌ಮೆಂಟಿಗೂ ಏನು ಸಂಬಂಧ ಎನ್ನಬೇಡಿ.

ಊರಿಂದ ಊರಿಗೆ ಕ್ಯಾಂಪು. ಪರದೆ, ಪೆಟ್ಟಿಗೆ, ದೀಪ, ಉಡುಪು, ನಟರು, ಅಡಿಗೆಯವರು, ಅವರ ಸಂಸಾರಗಳು. ಒಂದು ಊರಿನಲ್ಲಿ ಕಲೆಕ್ಷನ್ ಬಿದ್ದುಹೋದರೆ ಮುಂದಿನ ಊರಿಗೆ ಸಾಗಿಸುವ ಖರ್ಚು ಎಲ್ಲಿಂದ? ಮಳೆ ಹಿಡಿದರೆ ಏನು ಗತಿ? ಇದನ್ನೆಲ್ಲ ಹೊತ್ತು ನಡೆಸಿದವರು 1891ರಲ್ಲಿ ಹುಟ್ಟಿದ ಗುಬ್ಬಿ ವೀರಣ್ಣನವರು. ಚಿಕ್ಕ ಹುಡುಗನಾಗಿ ಕಂಪನಿ ಸೇರಿ, ಯಜಮಾನರಾದರು. ಹೆಣ್ಣು ಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ರಂಗಕ್ಕೆ ತಂದರು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆ ಹತ್ತಿಸಿದರು. ಜನ ಸಿನಿಮಾ ಕಡೆ ತಿರುಗುತ್ತಾರೆ ಎಂದು ಕಂಡಾಗ ಸಿನಿಮಾಕ್ಕೂ ಕೈ ಹಾಕಿದರು. ರಾಜ್‌ಕುಮಾರ್ ನಾಯಕನಟರಾದ ಮೊದಲ ಚಿತ್ರ, 1954ರ ‘ಬೇಡರ ಕಣ್ಣಪ್ಪ’ದ ನಿರ್ಮಾಣದಲ್ಲೂ ಗುಬ್ಬಿಯ ಹೆಸರಿತ್ತು. ಅವರು ತೀರಿಕೊಂಡದ್ದು 1972ರಲ್ಲಿ.

ಗಿರಾಕಿಯ ರುಚಿ ಬದಲಾಗುವುದನ್ನು ಮೊದಲೇ ಮೂಸಿ ನೋಡುವುದು, ಕೈಲಿದ್ದ ಹೆಸರನ್ನು ಹೊಸ ಸರಕಿಗೆ ಉಪಯೋಗಿಸುವುದು. ಇದನ್ನು ಬಿಬಿಎ ಪುಸ್ತಕದಲ್ಲಿ ಅಮೆರಿಕದ ಕಂಪನಿಗಳ ಉದಾಹರಣೆ ಕೊಟ್ಟು ಕಲಿಸುತ್ತಾರೆ. ಗುಬ್ಬಿಯ ಕಾಲೇಜಿನಲ್ಲಿ ಕೂತ ಹುಡುಗನಿಗೆ ಅವನ ಊರಿನ ಉದಾಹರಣೆಯನ್ನೇ ಕೊಟ್ಟರೆ ಇನ್ನೂ ಬೇಗ ತಲೆಗೆ ಹತ್ತುವುದಿಲ್ಲವೆ?

ಹಮಾಲರು ಕೇಳಬೇಕಾದ ಕತೆ

ಪುಸ್ತಕದ ಎಲ್ಲ ಮಾತನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಫಯೋಲ್ ಜೊತೆಗೆ ಬರುವ ಇನ್ನೊಂದು ಹೆಸರು ಅಮೆರಿಕದ ಎಫ್.ಡಬ್ಲ್ಯು. ಟೇಲರ್. 1911ರಲ್ಲಿ ‘ವೈಜ್ಞಾನಿಕ ನಿರ್ವಹಣೆ’ಯ ಪುಸ್ತಕ ಬರೆದವರು. ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಗಟ್ಟಿ ಹೊರುವ ಆಳು ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದ, ಗಡಿಯಾರ ಹಿಡಿದು, ಯಾವಾಗ ಹೊರಬೇಕು ಯಾವಾಗ ಕೂರಬೇಕು ಎಂದು ನಿಗದಿ ಮಾಡಿದ ಮೇಲೆ ನಲವತ್ತೇಳೂವರೆ ಟನ್ ಹೊತ್ತ ಎಂದು ಅವರು ಬರೆದರು. ಕೂಲಿ ಮಾತ್ರ ದಿನಕ್ಕೆ 1.15 ಡಾಲರ್ ಇದ್ದದ್ದು 1.85 ಡಾಲರ್ ಆಯಿತು.

ಕೆಲಸ ಸುಮಾರು ನಾಲ್ಕು ಪಟ್ಟು, ಕೂಲಿ ಎರಡು ಪಟ್ಟೂ ಇಲ್ಲ! ಮಂಡಿಯಲ್ಲಿ ಮೂಟೆ ಹೊರುವ ಹಮಾಲರಿಗೆ ಈ ಲೆಕ್ಕ ಹೇಳಿದರೆ ಏನನ್ನುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ. ಒಳ್ಳೆ ಮೇಷ್ಟರು ಈ ಪಾಠ ಮಾಡುವಾಗ ಎರಡೂ ಕಡೆ ಹೇಳುತ್ತಾರೆ. ಕೆಲಸವನ್ನು ಬಿಡಿಸಿ ನೋಡಿದರೆ ದಣಿವು ಕಮ್ಮಿ ಮಾಡಬಹುದು, ನಿಜ. ಉಳಿದ ಲಾಭ ಯಾರ ಜೇಬಿಗೆ ಹೋಯಿತು ಎಂದು ಕೇಳುವುದೂ ಪಾಠದ ಭಾಗವೇ.

ದಿನಕ್ಕೆ 12 ಸಾವಿರದ ಅಂಗಡಿ

ಈಗ ಆ ಕಾಲು ಪಾಲಿನ ಮಾತಿಗೆ ಬರೋಣ. ಒಂದು ದಿನಸಿ ಅಂಗಡಿ ಇದೆ ಎಂದು ಇಟ್ಟುಕೊಳ್ಳಿ. ತುಮಕೂರಿನ ಚಿಕ್ಕಪೇಟೆಯಲ್ಲಿರಲಿ, ಕುಣಿಗಲ್ ಬಸ್‌ಸ್ಟ್ಯಾಂಡ್ ಹತ್ತಿರವೇ ಇರಲಿ. ದಿನಕ್ಕೆ 12 ಸಾವಿರ ರೂಪಾಯಿ ವ್ಯಾಪಾರ. ಗಲ್ಲಾ ತುಂಬುತ್ತದೆ, ಯಜಮಾನ ಖುಷಿ.

ವರ್ಷಕ್ಕೆ 350 ದಿನ ಬಾಗಿಲು ತೆಗೆದರೆ ವ್ಯಾಪಾರ 42 ಲಕ್ಷ. ಎಲ್ಲ ಸರಕಿನ ಮೇಲೂ ಸರಾಸರಿ ನೂರಕ್ಕೆ 8 ರೂಪಾಯಿ ಉಳಿಯುತ್ತದೆ ಎಂದರೆ 3 ಲಕ್ಷ 36 ಸಾವಿರ. ಬಾಡಿಗೆ ತಿಂಗಳಿಗೆ 8 ಸಾವಿರ, ಅಂದರೆ ವರ್ಷಕ್ಕೆ 96 ಸಾವಿರ. ಕೆಲಸದ ಹುಡುಗನಿಗೆ ತಿಂಗಳಿಗೆ 10 ಸಾವಿರ, ವರ್ಷಕ್ಕೆ 1 ಲಕ್ಷ 20 ಸಾವಿರ. ಕರೆಂಟು ತಿಂಗಳಿಗೆ ಒಂದೂವರೆ ಸಾವಿರ, ವರ್ಷಕ್ಕೆ 18 ಸಾವಿರ. ಕಳೆದರೆ ಉಳಿಯುವುದು 1 ಲಕ್ಷ 2 ಸಾವಿರ. ತಿಂಗಳಿಗೆ 8,500.

ಇಲ್ಲಿ ಸ್ವಲ್ಪ ನಿಲ್ಲಿ ಸ್ವಾಮಿ. ಕೆಲಸದ ಹುಡುಗನಿಗೆ 10 ಸಾವಿರ, ಯಜಮಾನನಿಗೆ 8,500! ಅದೂ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ, ಹೆಂಡತಿಯ ದುಡಿಮೆಯೂ ಸೇರಿ.

ಇನ್ನೂ ಮುಗಿಯಲಿಲ್ಲ. ‘ಇಂದು ನಗದು, ನಾಳೆ ಸಾಲ’ ಎಂದು ಬೋರ್ಡು ಹಾಕಿದ್ದರೂ ಸಾಲದ ಪುಸ್ತಕದಲ್ಲಿ 70 ಸಾವಿರ ಬಾಕಿ ನಿಂತಿದೆ. ಆ ದುಡ್ಡಿನ ಜಾಗ ತುಂಬಲು ಯಜಮಾನ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದಿದ್ದಾನೆ. ತಿಂಗಳಿಗೆ 1,400 ಬಡ್ಡಿ. ಈಗ ಉಳಿದದ್ದು 7,100. ಅಂದರೆ ಗಿರಾಕಿಗೆ ಬಡ್ಡಿಯಿಲ್ಲದೆ ಕೊಟ್ಟ ಸಾಲಕ್ಕೆ ಬಡ್ಡಿ ಕಟ್ಟುತ್ತಿರುವವನು ಅಂಗಡಿಯವನೇ.

ವಾಣಿಜ್ಯದ ಪಾಠದಲ್ಲಿ ಒಂದು ನಿಯಮ ಉಂಟು: ಅಂಗಡಿ ಬೇರೆ, ಯಜಮಾನ ಬೇರೆ. ಯಜಮಾನ ಗಲ್ಲಾದಿಂದ ಮನೆ ಖರ್ಚಿಗೆ ತೆಗೆದ ನೂರು ರೂಪಾಯಿಯನ್ನೂ ಬರೆದಿಡಬೇಕು. ನಮ್ಮಲ್ಲಿ ಬಹಳ ಮಂದಿ ಮಾಡುವುದು ಇದಕ್ಕೆ ತಿರುಗುಮುರುಗು. ಗಲ್ಲಾದಲ್ಲಿ ದುಡ್ಡಿದ್ದರೆ ಲಾಭ, ಇಲ್ಲದಿದ್ದರೆ ನಷ್ಟ. ಮಗಳ ಮದುವೆಗೆ ತೆಗೆದದ್ದೂ, ಸರಕಿಗೆ ಕೊಟ್ಟದ್ದೂ ಒಂದೇ ಪೆಟ್ಟಿಗೆಯಿಂದ. ಅಂಗಡಿ ಸೊರಗುತ್ತಿರುವುದು ಗೊತ್ತಾಗುವುದು ಮಂಡಿಯವರು ಸರಕು ಕೊಡುವುದನ್ನು ನಿಲ್ಲಿಸಿದಾಗ. ಆಗ ಹೊತ್ತು ಮೀರಿರುತ್ತದೆ.

ಮತ್ತೊಂದು ಲೆಕ್ಕ ನೋಡಿ. ಹತ್ತು ಸಾವಿರ ರೂಪಾಯಿ ಬಂಡವಾಳವನ್ನು ನೂರಕ್ಕೆ 15 ಸಿಗುವ ಶೋಕಿ ಸಾಮಾನಿಗೆ ಹಾಕಿದಿರಿ, ಅದು ವರ್ಷಕ್ಕೆ ಎರಡು ಸಲ ಮಾತ್ರ ಖಾಲಿಯಾಯಿತು. ಸಿಕ್ಕಿದ್ದು 3 ಸಾವಿರ. ಅದೇ ಹತ್ತು ಸಾವಿರವನ್ನು ನೂರಕ್ಕೆ ಮೂರೇ ಸಿಗುವ, ಆದರೆ ವಾರಕ್ಕೊಮ್ಮೆ ಖಾಲಿಯಾಗುವ ಸರಕಿಗೆ ಹಾಕಿದರೆ ವಾರಕ್ಕೆ 300, ವರ್ಷಕ್ಕೆ 15,600. ಹಳೇ ಮಂಡಿ ಸಾಹುಕಾರರಿಗೆ ಇದು ರಕ್ತದಲ್ಲೇ ಇತ್ತು. ಹೊಸದಾಗಿ ಬಾಗಿಲು ತೆಗೆದವರಿಗೆ ಇರುವುದಿಲ್ಲ. ಹತ್ತು ವರ್ಷ ಏಟು ತಿಂದು ಕಲಿಯುವುದನ್ನು ಒಂದು ಸೆಮಿಸ್ಟರಿನಲ್ಲಿ ಕಾಗದದ ಮೇಲೆ ಕಲಿಯುವುದೇ ಕಾಲೇಜಿನ ಉಪಯೋಗ.

ನೋಟಿಸು ಬಂದಾಗ

2025ರ ಜುಲೈ ತಿಂಗಳು ನೆನಪಿದೆಯಲ್ಲ? ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐನಲ್ಲಿ ಬಂದ ಹಣದ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ, ಹಾಲಿನ ಅಂಗಡಿಯವರಿಗೆಲ್ಲ ನೋಟಿಸು ಕಳಿಸಿದರು. ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಚೀಟಿಗಳು ಅಂಗಡಿ ಬಾಗಿಲಿಗೆ ಬಿದ್ದವು. 25ನೇ ತಾರೀಕು ಬಂದ್ ಎಂದು ವ್ಯಾಪಾರಿಗಳು ಘೋಷಿಸಿದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮುಂದೆ ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು.

ನಿಯಮ ಹೊಸದಾಗಿರಲಿಲ್ಲ. ಜಿಎಸ್‌ಟಿ ಬಂದದ್ದು 2017ರ ಜುಲೈ 1ರಂದು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಬೇಕು. ತೆರಿಗೆಯೇ ಇಲ್ಲದ ಹಾಲು, ತರಕಾರಿಯಂಥದ್ದನ್ನು ಮಾತ್ರ ಮಾರುವವರಿಗೆ ಬೇಕಿಲ್ಲ. ನಮ್ಮ 12 ಸಾವಿರದ ಅಂಗಡಿಯನ್ನು ಮತ್ತೆ ನೋಡಿ. 42 ಲಕ್ಷ! ಗೆರೆ ದಾಟಿ ಎರಡು ಲಕ್ಷ ಮುಂದಿದೆ. ಯಜಮಾನನಿಗೆ ಗೊತ್ತೇ ಇಲ್ಲ, ಯಾಕೆಂದರೆ ಅವನು ದಿನದ ಲೆಕ್ಕ ನೋಡುತ್ತಾನೆ, ವರ್ಷದ್ದನ್ನಲ್ಲ.

ಒಂದೂವರೆ ಕೋಟಿಯ ಒಳಗಿನ ವ್ಯಾಪಾರಿಗಳಿಗೆ ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಎಂಬ ದಾರಿ ಇದೆ. ನೂರಕ್ಕೆ ಒಂದು ರೂಪಾಯಿ. ಆದರೆ ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಅಂಗಡಿಯ ಅಷ್ಟೂ ಸರಕು ತೆರಿಗೆಗೆ ಸೇರಿದ್ದಾದರೆ 42 ಸಾವಿರ ಕಟ್ಟಬೇಕು. ಆಗ ತಿಂಗಳಿಗೆ ಉಳಿದಿದ್ದ 7,100 ಇಳಿದು 3,600 ಆಗುತ್ತದೆ. ಸಿಟ್ಟು ಬರುವುದು ಸಹಜ. ಆದರೆ ಸಿಟ್ಟು ತೆರಿಗೆಯ ಮೇಲೋ, ನೂರಕ್ಕೆ ಎಂಟರಲ್ಲೇ ಬದುಕುತ್ತಿರುವ ಅಂಗಡಿಯ ಏರ್ಪಾಡಿನ ಮೇಲೋ ಎಂದು ಬಿಡಿಸಿ ನೋಡಬೇಕಾದರೆ ಕೈಯಲ್ಲಿ ಲೆಕ್ಕ ಇರಬೇಕು. ಬೀದಿಗಿಳಿದು ಹೋರಾಡುವುದಕ್ಕೂ ಲೆಕ್ಕ ಬೇಕು. ಅಂಕಿ ಇಲ್ಲದ ಅರ್ಜಿಯನ್ನು ಯಾವ ಅಧಿಕಾರಿ ಓದುತ್ತಾನೆ?

ಎಚ್‌ಎಂಟಿ ಹೇಳಿದ ಪಾಠ

ಸಣ್ಣವರ ಕತೆ ಹೀಗಾದರೆ ದೊಡ್ಡವರದು ಏನು? ತುಮಕೂರಿನವರಿಗೆ ಬೇರೆ ಉದಾಹರಣೆ ಬೇಕಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಬೆಂಗಳೂರಿನಲ್ಲಿ ವಾಚು ಮಾಡಲು ಹೊರಟ ಎಚ್‌ಎಂಟಿ, 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ಎಚ್‌ಎಂಟಿ ಕೆಲಸ ಅಂದರೆ ಹೆಣ್ಣು ಕೊಡಲು ಎರಡನೇ ಮಾತಿರಲಿಲ್ಲ. ವಾಚಿಗೆ ಹೆಸರು ಬರೆಸಿ ಕಾಯುವ ಕಾಲ.

1984ರಲ್ಲಿ ಟಾಟಾದವರೂ ತಮಿಳುನಾಡು ಸರ್ಕಾರದ ಟಿಡ್ಕೊ ಸಂಸ್ಥೆಯೂ ಸೇರಿ ಟೈಟನ್ ಕಟ್ಟಿದರು. ಕಾರ್ಖಾನೆ ಹೊಸೂರಿನಲ್ಲಿ. ಕೀಲಿ ಕೊಡುವ ವಾಚು ಬಿಟ್ಟು ಕ್ವಾರ್ಟ್ಜ್ ವಾಚಿನ ಮೇಲೇ ಪೂರ್ತಿ ಪಣ ಕಟ್ಟಿದರು. ವಾಚು ಅಂದರೆ ಟೈಮು ನೋಡುವುದಷ್ಟೇ ಅಲ್ಲ, ಕೈಗೆ ಅಲಂಕಾರ, ಮದುವೆಗೆ ಉಡುಗೊರೆ ಎಂದು ಅಂದದ ಅಂಗಡಿಗಳಲ್ಲಿಟ್ಟು ಮಾರಿದರು. ಎಚ್‌ಎಂಟಿಗೆ ಕ್ವಾರ್ಟ್ಜ್ ಗೊತ್ತಿರಲಿಲ್ಲವೆಂದಲ್ಲ, ಅವರೂ ಮಾಡಿದರು. ಆದರೆ ಗಿರಾಕಿ ಎತ್ತ ಹೊರಟಿದ್ದಾನೆ ಎಂದು ನೋಡಿ ಅತ್ತ ತಿರುಗುವುದು ತಡವಾಯಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಉಳಿದಿದ್ದ ನೌಕರರು ಸ್ವಯಂ ನಿವೃತ್ತಿ ಪಡೆದು ಮನೆಗೆ ಹೋದರು. ತುಮಕೂರಿನ ಜಾಗ ಇಸ್ರೊ ಪಾಲಾಯಿತು.

ಅಲ್ಲಿ ಬೆವರು ಸುರಿಸಿದ ಕೆಲಸಗಾರರ ಕೈ ಕೆಟ್ಟದ್ದಾಗಿರಲಿಲ್ಲ. ಇವತ್ತಿಗೂ ಆ ಹಳೇ ವಾಚುಗಳು ಓಡುತ್ತಿವೆ, ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದಾರೆ. ಕೆಳಗಿನವರ ಕೆಲಸ ಚೆನ್ನಾಗಿದ್ದರೂ ಮೇಲಿನವರ ತೀರ್ಮಾನ ತಡವಾದರೆ ಕಾರ್ಖಾನೆ ಉಳಿಯುವುದಿಲ್ಲ. ಇದಕ್ಕಿಂತ ದುಬಾರಿಯಾದ ಪಾಠ ಈ ಊರಿಗೆ ಬೇಕಿಲ್ಲ.

ಕುಣಿಗಲ್ ಕಡೆಗೆ ಬನ್ನಿ. ಹೆದ್ದಾರಿ ಅಗಲವಾಗಿ ಗಾಡಿಗಳು ಊರ ಹೊರಗೇ ಹಾದುಹೋಗುವಂತಾದರೆ ರಸ್ತೆ ಬದಿಯ ಹೋಟೆಲಿನವನ ಗತಿ ಏನು? 2017ರಲ್ಲಿ ಬೆಂಗಳೂರು-ಹಾಸನ ನೇರ ರೈಲು ಮಾರ್ಗ ಕುಣಿಗಲ್ ಮೇಲೆ ಪೂರ್ತಿಯಾಯಿತು. ಬೆಂಗಳೂರು ಹತ್ತಿರವಾದಷ್ಟೂ ಬಟ್ಟೆ ಚಿನ್ನ ಕೊಳ್ಳುವವರು ಅತ್ತ ಹೋಗುತ್ತಾರೆ, ಇತ್ತ ಸೈಟು ಕೊಳ್ಳುವವರು ಬರುತ್ತಾರೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಅಡಿಗಲ್ಲು ಬಿತ್ತು, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. 615 ಎಕರೆ ಜಾಗ. ಅಲ್ಲಿ ಎಂಜಿನಿಯರಾಗಲು ಎಲ್ಲರಿಗೂ ಆಗದು. ಆದರೆ ಇಂಥ ಕಾರ್ಖಾನೆ ಬಂದ ಕಡೆ ಊಟ, ವಾಹನ, ಬಾಡಿಗೆ ಮನೆ, ಸಾಮಾನು ಸರಬರಾಜು ಎಲ್ಲವೂ ಬೇಕು. ಟೆಂಡರು ಓದಲು ಬರುವ, ಕೊಟೇಶನ್ ಬರೆಯಲು ಬರುವ ಸ್ಥಳೀಯ ಹುಡುಗರಿದ್ದರೆ ಆ ದುಡ್ಡು ಗುಬ್ಬಿಯಲ್ಲಿ ನಿಲ್ಲುತ್ತದೆ. ಇಲ್ಲದಿದ್ದರೆ ಬೆಂಗಳೂರಿನವರು ಬಂದು ಎತ್ತಿಕೊಂಡು ಹೋಗುತ್ತಾರೆ. ಪುಸ್ತಕದಲ್ಲಿ ‘ವ್ಯವಹಾರದ ಪರಿಸರ’ ಎಂದು ನೀರಸವಾಗಿ ಬರೆದಿರುವುದು ಇದನ್ನೇ.

ಕಲಿಸುವವರ ಪಾಡು

ಇಷ್ಟು ಹೇಳಿದ ಮೇಲೆ ಕಾಲೇಜಿನ ಹುಳುಕನ್ನೂ ಹೇಳದಿದ್ದರೆ ಪಕ್ಷಪಾತವಾದೀತು.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಹಳಷ್ಟು ಪಾಠ ನಡೆಯುವುದು ಅತಿಥಿ ಉಪನ್ಯಾಸಕರಿಂದ. ಹೆಸರಿಗೆ ಅತಿಥಿ, ದುಡಿಮೆಗೆ ಮನೆಯಾಳು. ಸೇವಾ ಭದ್ರತೆ ಕೊಡಿ ಎಂದು ಇವರು 2023ರ ಕೊನೆಯಲ್ಲಿ ರಾಜ್ಯದಾದ್ಯಂತ ತರಗತಿ ಬಿಟ್ಟು ಧರಣಿ ಕೂತರು. 2024ರ ಜನವರಿಯಲ್ಲಿ ನಮ್ಮ ಸಿದ್ಧಗಂಗಾ ಮಠದಿಂದಲೇ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ‘ಸಿಬ್ಬಂದಿಯ ಸ್ಥಿರತೆ’ ಎಂಬ ಫಯೋಲನ ತತ್ವವನ್ನು ಬೋರ್ಡಿನ ಮೇಲೆ ಬರೆದು ಕಲಿಸುವ ಮೇಷ್ಟರಿಗೆ ತಾನು ಮುಂದಿನ ವರ್ಷ ಇದೇ ಬೋರ್ಡಿನ ಮುಂದೆ ಇರುತ್ತೇನೋ ಇಲ್ಲವೋ ಗೊತ್ತಿಲ್ಲ. ಇದನ್ನು ಯಾವ ಪಾಠಕ್ಕೆ ಸೇರಿಸೋಣ?

ಎರಡನೆಯದು ಭಾಷೆ. ಕನ್ನಡದಲ್ಲಿ ಹತ್ತನೇ ಕ್ಲಾಸು ಮುಗಿಸಿದ ಹಳ್ಳಿ ಹುಡುಗಿಗೆ ಮೊದಲ ಸೆಮಿಸ್ಟರಿನಲ್ಲೇ ‘ಎಸ್ಪ್ರಿ ಡಿ ಕೋರ್’ ಎಂಬ ಫ್ರೆಂಚ್ ಮಾತು ಎದುರಾಗುತ್ತದೆ. ಹದಿನಾಲ್ಕನೇ ತತ್ವ ಅದು. ಒಗ್ಗಟ್ಟು ಎಂದರೆ ಮುಗಿಯಿತು. ಅರ್ಥ ತಿಳಿಯದೆ ಗೈಡು ಉರು ಹೊಡೆದು ಪಾಸಾದವರು ಡಿಗ್ರಿ ಹಿಡಿದು ಬಂದರೂ ಅಪ್ಪನ ಅಂಗಡಿಯ ಸಾಲದ ಪುಸ್ತಕ ಕೂಡಿಸಲು ತಡವರಿಸುತ್ತಾರೆ. ಆಗ ಅಪ್ಪ “ನಾನ್ ಹೇಳಲಿಲ್ವಾ?” ಎನ್ನುತ್ತಾನೆ. ಆ ಮಾತಿಗೆ ಕಾರಣ ವಿಷಯವಲ್ಲ, ಕಲಿಸಿದ ರೀತಿ.

ಮೂರನೆಯದು ಪೇಟೆಯ ನಂಟು. ಅಂತರಸನಹಳ್ಳಿ ಮಾರುಕಟ್ಟೆ ತುಮಕೂರಿನ ಬಗಲಲ್ಲೇ ಇದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶವಿದೆ, 2014ರಲ್ಲಿ ಅಲ್ಲಿ ಫುಡ್ ಪಾರ್ಕ್ ತೆರೆಯಿತು. ಪಕ್ಕದ ತಿಪಟೂರಿನ ಕೊಬ್ಬರಿ ಹರಾಜು ದೇಶಕ್ಕೇ ಗೊತ್ತು. ಒಂದು ದಿನ ವಿದ್ಯಾರ್ಥಿಗಳನ್ನು ಹರಾಜು ಕಟ್ಟೆಯ ಮುಂದೆ ನಿಲ್ಲಿಸಿದರೆ ಬೆಲೆ ಹೇಗೆ ಹುಟ್ಟುತ್ತದೆ ಎಂದು ಹತ್ತು ಗಂಟೆಯ ಪಾಠಕ್ಕಿಂತ ಚೆನ್ನಾಗಿ ತಿಳಿದೀತು. ಬಸ್ ಖರ್ಚೊಂದೇ ತಾನೆ?

ಬಸ್ಸಿನಲ್ಲಿ ಬರುವವರು

ಬಸ್ಸಿನ ಮಾತು ಬಂತು. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು, ಕುಣಿಗಲ್‌ನಿಂದ ಅದಕ್ಕಿಂತ ದೂರ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ಇಲ್ಲ. ನಿಲ್ಲಲು ಜಾಗ ಸಿಗುವುದೇ ಈಗಿನ ಚಿಂತೆ. ಬೆಳಗ್ಗೆ ಬಸ್ಸಿನ ಬಾಗಿಲಲ್ಲಿ ಜೋತುಬೀಳುವವರನ್ನು ಬೈಯುವ ಮೊದಲು ಅವರ ಚೀಲದಲ್ಲಿ ಏನಿದೆ ಎಂದು ಯೋಚಿಸಿ.

ಅಂಗಡಿ ಮನೆಗಳಲ್ಲಿ ಮಗನಿಗೆ ಕಾಲೇಜು ಬೇಕೋ ಬೇಡವೋ ಎಂದು ಜಗಳವಾಡುವಾಗ ಮಗಳ ಹೆಸರೇ ಬರುವುದಿಲ್ಲ. ಸಂಜೆ ಲೆಕ್ಕ ಕೂಡಿಸಿಕೊಡುವವಳು, ಸಾಲಗಾರರ ಬಾಕಿ ನೆನಪಿಟ್ಟಿರುವವಳು ಎಷ್ಟೋ ಮನೆಗಳಲ್ಲಿ ಅವಳೇ. ಅಂಗಡಿ ಮಾತ್ರ ಮಗನಿಗೆ. ‘ಸರಿಯಾದ ಕೆಲಸಕ್ಕೆ ಸರಿಯಾದ ವ್ಯಕ್ತಿ’ ಎಂದು ಸಿಬ್ಬಂದಿ ನೇಮಕದ ಪಾಠ ಹೇಳುತ್ತದೆ. ಮನೆಯಲ್ಲೂ ಒಮ್ಮೆ ಆ ಪಾಠ ಓದಬಹುದು.

ಸೇರಿಸಬೇಕೋ ಬೇಡವೋ?

ಸೇರಿಸಿ ಎಂಬುದೇ ಈ ಅಂಕಣದ ಮಾತು. ಆದರೆ ಕಣ್ಣು ಬಿಟ್ಟುಕೊಂಡು ಸೇರಿಸಿ. ಕಾಲೇಜಿಗೆ ಹೋಗಿ ಮೂರು ಪ್ರಶ್ನೆ ಕೇಳಿ. ವಾಣಿಜ್ಯ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ? ಕನ್ನಡದಲ್ಲಿ ವಿವರಿಸಿ ಹೇಳುತ್ತಾರೆಯೇ, ಪರೀಕ್ಷೆ ಕನ್ನಡದಲ್ಲಿ ಬರೆಯಬಹುದೇ? ವರ್ಷಕ್ಕೆ ಒಮ್ಮೆಯಾದರೂ ಕಾರ್ಖಾನೆಗೋ ಮಂಡಿಗೋ ಕರೆದೊಯ್ಯುತ್ತಾರೆಯೇ? ಬಿಬಿಎ ಎಂದರೆ 2024-25ರಿಂದ ಆ ಕೋರ್ಸು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ವ್ಯಾಪ್ತಿಗೆ ಬಂದಿದೆ. ಮಂಡಳಿಯ ಒಪ್ಪಿಗೆ ಇದೆಯೇ ಎಂದು ಖಾಸಗಿ ಕಾಲೇಜಿನಲ್ಲಿ ಕಾಗದ ತೋರಿಸಿ ಎನ್ನಿ. ಗೋಡೆ ಮೇಲಿನ ಬಣ್ಣದ ಬೋರ್ಡು ನೋಡಿ ದುಡ್ಡು ಕಟ್ಟಬೇಡಿ.

ಸೇರಿಸಿದ ಮೇಲೆ ಮಗನನ್ನೋ ಮಗಳನ್ನೋ ಅಂಗಡಿಯಿಂದ ಪೂರ್ತಿ ದೂರ ಇಡಬೇಡಿ. ಭಾನುವಾರ ಎರಡು ಗಂಟೆ ಗಲ್ಲಾದಲ್ಲಿ ಕೂರಲಿ. ಮೊದಲ ತಿಂಗಳು ಒಂದೇ ಕೆಲಸ ಕೊಡಿ: ಸಾಲದ ಪುಸ್ತಕ ತೆಗೆದು ಯಾರ ಬಾಕಿ ಎಷ್ಟು, ಎಷ್ಟು ತಿಂಗಳಿಂದ ಎಂದು ಪಟ್ಟಿ ಮಾಡಲಿ. ಎರಡನೇ ತಿಂಗಳು ಯಾವ ಸರಕು ಎಷ್ಟು ದಿನ ಕಪಾಟಿನಲ್ಲಿ ಕೂತಿದೆ ಎಂದು ಬರೆಯಲಿ. ಮೂರನೇ ತಿಂಗಳು ಅಪ್ಪನ ಸಂಬಳ ಎಷ್ಟು ಬೀಳುತ್ತಿದೆ ಎಂದು ಲೆಕ್ಕ ಹಾಕಿ ಹೇಳಲಿ.

ಆ ಅಂಕಿ ಕೇಳಿ ಅಪ್ಪನಿಗೆ ಸಿಟ್ಟು ಬರಬಹುದು. ಬಂದರೂ ಕೂತು ಪೂರ್ತಿ ಕೇಳಿಸಿಕೊಳ್ಳಲಿ. ಹೊರಗಿನವರು ಇದೇ ಲೆಕ್ಕ ಬರೆದುಕೊಡಲು ಫೀಸು ಕೇಳುತ್ತಾರೆ.